ಬಟಾಣಿಯನ್ನು ನಂಬಿದ ಮಾಲಿ

ಬೆಳಗಿನ ಆರು ಗಂಟೆ. ಕೋಟೆಯ ಕಡೆಯಿಂದ ಬೀಸುವ ಥಂಡಿಗಾಳಿಗೆ ಹೆದರಿ ಬೀದರ ಇನ್ನೂ ಕಂಬಳಿಯಿಂದ ಮುಖ ಹೊರಹಾಕಿಲ್ಲ. ಹೈಸ್ಕೂಲಿನ ಹಿಂಭಾಗದ ಕೆಮ್ಮಣ್ಣಿನ ಅಂಗಳದಲ್ಲಿ ಮಾಲಿ ಹಾವಗೆಪ್ಪ ಕುಕ್ಕರಗಾಲಲ್ಲಿ ಕುಳಿತು, ಎರಡೂ ಕೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾರೆ. ಬೆರಳು ಮರಗಟ್ಟಿದ್ದರೆ ಈ ಕೆಲಸ ಆಗುವುದಿಲ್ಲ. ಆಮೇಲೆ ಒಂದು ಬಟಾಣಿ ಮೊಗ್ಗನ್ನು ಎಡಗೈಯ ಎರಡು ಬೆರಳುಗಳ ನಡುವೆ ಹಿಡಿದು, ಚಿಮಟದ ತುದಿಯಿಂದ ಎಸಳನ್ನು ಮೆಲ್ಲಗೆ ಸರಿಸುತ್ತಾರೆ. ಒಳಗೆ ಎಳೆಯಷ್ಟು ಸಣ್ಣ ಕೇಸರಗಳು. ಒಂದೊಂದನ್ನೇ ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳುತ್ತ ಬಾಯಲ್ಲೇ ಎಣಿಸುತ್ತಾರೆ.

"ಹತ್ತು ಇರ್ತಾವ್ರಿ, ಹತ್ತೂ ತೆಗೀಬೇಕು," ಎನ್ನುತ್ತಾರೆ. "ಒಂದು ಒಳಗ ಉಳೀತಂದ್ರ ಗಿಡ ತನ್ನ ಪುಡಿ ತಾನೇ ಹಚ್ಕೋತದ. ಆಮ್ಯಾಲ ಕಾಯಿ ಕಟ್ಟಿದ್ರೂ ಅದರಪ್ಪ ಯಾರು ಅಂತ ಹೇಳಾಕ ಬರೂದಿಲ್ಲ." ಇಷ್ಟು ಹೇಳಿ ತಲೆ ತಗ್ಗಿಸಿ ಮುಂದಿನ ಮೊಗ್ಗಿಗೆ ಹೋಗುತ್ತಾರೆ. ಅವರು ಯಾಕೆ ತಲೆ ತಗ್ಗಿಸಿದರು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಬಟಾಣಿ ಹೂವು ಪೂರ್ತಿ ಅರಳುವ ಮೊದಲೇ ಅದರೊಳಗಿನ ಪರಾಗ ಅದಕ್ಕೇ ಅಂಟಿಕೊಂಡುಬಿಡುತ್ತದೆ. ಬೇರೆ ಗಿಡದ ಪರಾಗ ಕೂಡಿಸಬೇಕೆಂದರೆ ಮಾಲಿ ಹೂವಿಗಿಂತ ಮೊದಲು ಏಳಬೇಕು. ಇಂದು ಕೇಸರ ತೆಗೆದ ಮೊಗ್ಗಿಗೆ ನಾಳೆ ಬೇರೆ ಜಾತಿಯ ಗಿಡದ ಪುಡಿಯನ್ನು ಸಣ್ಣ ಕುಂಚದಿಂದ ಹಚ್ಚಿ, ತೆಳು ಬಟ್ಟೆಯ ಚೀಲ ತೊಡಿಸಿ ದಾರ ಕಟ್ಟಬೇಕು. ಕೂಡಿಸಿದ ಹೂವಿಗೆ ಕೆಂಪು ದಾರ, ತನ್ನಷ್ಟಕ್ಕೆ ಬಿಟ್ಟದ್ದಕ್ಕೆ ಬಿಳಿ ದಾರ. ನಲವತ್ತನಾಲ್ಕು ಕುಂಡಗಳಿವೆ. ಒಂದು ಮುಂಜಾನೆಗೆ ಹನ್ನೆರಡು ಮೊಗ್ಗು ಆದರೆ ಹೆಚ್ಚು, ಅದರಲ್ಲಿ ಕಾಯಿ ನಿಲ್ಲುವುದು ಐದೋ ಆರೋ. ಇದಾದ ಮೇಲೆ ಕಸ, ನೀರು, ಶಾಲೆಯ ಗಂಟೆ. ಎಳ್ಳಮಾಸಿ ಹಬ್ಬ ಬಂತೆಂದರೆ ಇನ್ನೊಂದು ಕೆಲಸ ಕೂಡಿಕೊಳ್ಳುತ್ತದೆ. ಹಬ್ಬದ ಭಜ್ಜಿ ಪಲ್ಯಕ್ಕೆ ಹಸಿ ಬಟಾಣಿ ಬೇಕೆಂದು ಮಾಸ್ತರರೇ ಹಿತ್ತಲಿಗೆ ಕೈಹಾಕುತ್ತಾರೆ, ಅವರನ್ನು ಕಾಯಬೇಕು.

ನಾನು ಇಲ್ಲಿಗೆ ಬಂದದ್ದು ಮಾಲಿಯನ್ನು ನೋಡಲು ಅಲ್ಲ. ಜೀವಶಾಸ್ತ್ರದ ಮಾಸ್ತರ ಸಲಾವೋದ್ದೀನ ಸಾಹೇಬರು ಒಂಬತ್ತನೆಯ ಜಮಾತಿನ ಹುಡುಗರಿಗೆ ಆನುವಂಶಿಕತೆಯ ಪಾಠವನ್ನು ಹಿತ್ತಲಲ್ಲೇ ಕಲಿಸುತ್ತಾರೆ ಎಂದು ಕೇಳಿ, ಅವರ ಬಗ್ಗೆ ಪುರವಣಿಗೆ ಎರಡು ಕಾಲಂ ಬರೆಯೋಣವೆಂದು ಬಂದೆ. ಊರಿನ ಚಾದಂಗಡಿಗಳಲ್ಲಿ ಈಗ ಒಂದೇ ಮಾತು. ಹೈದ್ರಾಬಾದ್ ಸಂಸ್ಥಾನ ಒಡೆಯುತ್ತದಂತೆ, ಬೀದರ ಯಾರ ಪಾಲಿಗೆ, ಭಾಲ್ಕಿ ಯಾರ ಪಾಲಿಗೆ, ಔರಾದ ಯಾರದು. ಅದನ್ನು ಕೇಳಿ ಕೇಳಿ ಬೇಸತ್ತಿದ್ದ ನನಗೆ ಬಟಾಣಿ ಹಿತವೆನಿಸಿತ್ತು. ಸಾಹೇಬರು ನನ್ನ ಮಾತನ್ನೆಲ್ಲ ಕೇಳಿ, "ನನ್ನ ಬಗ್ಗೆ ಏನು ಬರೀತೀರಿ? ನಾನು ಹೈದ್ರಾಬಾದಿನಾಗ ಉರ್ದುದಾಗ ಓದಿದವ, ಈಗ ಕನ್ನಡದಾಗ ಹೇಳಾಕ ಒದ್ದಾಡ್ತೇನಿ. ಹುಡುಗರಿಗೆ ತಿಳಿಯೂದು ಹಾವಗೆಪ್ಪ ತೋರಿಸಿದಾಗ," ಎಂದು ಹಿತ್ತಲ ಕಡೆ ಕೈಮಾಡಿದರು.

ಹಾವಗೆಪ್ಪನ ಮೊದಲ ಮಾತು, "ನನ್ನ ಮ್ಯಾಲ ಬರೀಬ್ಯಾಡ್ರಿ. ನಾ ಛಲೋ ಮನಷ್ಯಾ ಅಲ್ಲ." ಈ ಕೆಲಸದಲ್ಲಿ ಇಂಥ ಮಾತು ಬೇಕಾದಷ್ಟು ಕೇಳಿದ್ದೇನೆ. ಎರಡು ಸಲ ಬೇಡ ಅಂದು ಮೂರನೆಯ ಸಲ ಫೋಟೋಕ್ಕೆ ರುಮಾಲು ಸರಿಮಾಡಿಕೊಳ್ಳುವವರೇ ಹೆಚ್ಚು. ಹಾಗಾಗಿ ನಕ್ಕೆ. ಆ ನಗೆಯನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ. ಮೂರನೆಯ ದಿನ ಅವರು ಎಲ್ಲ ಹೇಳಿದರು. ಔರಾದದಲ್ಲಿ ಅವರಿಗೆ ಹೆಂಡತಿ ಇದ್ದಾರೆ, ಆರೂವರೆ ವರ್ಷದ ಮಗಳಿದ್ದಾಳೆ. ಐದೂವರೆ ವರ್ಷದ ಹಿಂದೆ ಈ ಮನುಷ್ಯ ಇಡೀ ಊರಿನ ಎದುರು ನಿಂತು ಆ ಕೂಸು ತನ್ನದಲ್ಲ ಎಂದು ಹೇಳಿ ಇಬ್ಬರನ್ನೂ ಹೊರಗೆ ಹಾಕಿದ್ದಾರೆ. ಅವರನ್ನು ಮರಳಿ ಪಡೆಯಲು ಅವರು ಒಂದು ವರ್ಷದಿಂದ ಒದ್ದಾಡುತ್ತಿದ್ದಾರೆ.

ಹಾವಗೆಪ್ಪ ಕಮಠಾಣದವರು. ಐದು ಎಕರೆ ಒಣಭೂಮಿ, ಒಂದು ಜೋಡಿ ಎತ್ತು. ಮದುವೆಯಾದದ್ದು ಸೋದರಮಾವನ ಮಗಳು ಕಸ್ತೂರಿಬಾಯಿಯನ್ನು. ನಮ್ಮ ಸೀಮೆಯಲ್ಲಿ ಇದು ಹೊಸತಲ್ಲ, ಹೆಣ್ಣು ಹೊರಗೆ ಹೋಗಬಾರದು ಎಂದು ಹಿರಿಯರು ತೊಟ್ಟಿಲಲ್ಲೇ ಮಾತಾಡಿಕೊಂಡಿರುತ್ತಾರೆ. ನಲವತ್ತೆಂಟರಲ್ಲಿ, ಪೋಲೀಸ್ ಕಾರ್ಯಾಚರಣೆಯ ವರ್ಷ, ಮಳೆಗಾಲದ ನಡುವೆ ಸಂಸ್ಥಾನದಲ್ಲಿ ಗದ್ದಲ ಹೆಚ್ಚಾದಾಗ, ಊರಿನ ಗಂಡಸರು ಸೋಲಾಪುರದ ಗಡಿಯಾಚೆಯ ಶಿಬಿರಗಳಿಗೆ ಓಡಿದರು. ಹಾವಗೆಪ್ಪನೂ ಓಡಿದರು. ಹೆಂಡತಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು.

ಸೆಪ್ಟೆಂಬರಿನ ಆ ಎರಡು ವಾರಗಳಲ್ಲಿ ಕಮಠಾಣದ ಬಾಗಿಲುಗಳನ್ನು ಮೊದಲು ಒಬ್ಬರು ಒದ್ದರು, ಆಮೇಲೆ ಇನ್ನೊಬ್ಬರು ಒದ್ದರು. ಯಾರು ಯಾರಿಗೆ ಏನು ಮಾಡಿದರೆಂದು ಇಲ್ಲಿಯವರು ಇನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲ ಬಾಗಿಲು ಒದ್ದ ದಿನವೇ ಬದಿಮನೆಯ ಮುನವ್ವರ ಬೇಗಂ ಹಿತ್ತಲ ಗೋಡೆ ದಾಟಿ ಬಂದು ಕಸ್ತೂರಿಬಾಯಿಯ ಕೈ ಹಿಡಿದು ತಮ್ಮ ಮನೆಗೆ ಕರೆದೊಯ್ದರು. ಅವರ ಗಂಡ ಕರೀಮ ಸಾಬರು ತರಕಾರಿ ಬೆಳೆಯುವ ರೈತ, ಊರಿಗೆಲ್ಲ ಬದನೆಕಾಯಿ ಕೊಡುವವರು. ಹನ್ನೊಂದು ದಿನ ಕಸ್ತೂರಿಬಾಯಿ ಆ ಮನೆಯಲ್ಲಿದ್ದರು. ಹನ್ನೆರಡನೆಯ ದಿನ ಹಾವಗೆಪ್ಪ ಗಡಿಯಿಂದ ಮರಳಿದರು. ಮರುವರ್ಷ ಕಾರಹುಣ್ಣಿಮೆಯ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಅವರು ಮರಳಿದ ದಿನದಿಂದ ಒಂಬತ್ತು ತಿಂಗಳಿಗೆ ಹನ್ನೆರಡು ದಿನ ಕಡಿಮೆ.

ಆ ಹನ್ನೆರಡು ದಿನವನ್ನು ಊರು ಬೆರಳು ಮಡಚಿ ಲೆಕ್ಕ ಹಾಕಿತು. ಇದನ್ನು ಬರೆಯುವಾಗ ನಾನು ಬೇರೆಯವರ ಮೇಲೆ ಕಲ್ಲೆಸೆಯುವ ಹಾಗಿಲ್ಲ. ಆ ಬೇಸಿಗೆ ಬೀದರದ ನನ್ನ ಓಣಿಯಲ್ಲೂ ಒಬ್ಬ ಹೆಣ್ಣುಮಗಳು ಹಡೆದಳು. ಬಾವಿಕಟ್ಟೆಯ ಮೇಲೆ ಕೂತು ಎಣಿಸಿದವರಲ್ಲಿ ನಾನೂ ಇದ್ದೆ. ಓದಿದವನು, ಪತ್ರಿಕೆಗೆ ಬರೆಯುವವನು, ಬೆರಳು ಮಡಚಿದೆ. ಆ ತಾಯಿ, ಕೂಸು ಓಣಿ ಬಿಟ್ಟು ಎಲ್ಲಿಗೆ ಹೋದರೆಂದು ನಾನು ಇಂದಿಗೂ ವಿಚಾರಿಸಿಲ್ಲ.

ಹಾವಗೆಪ್ಪನ ಮನೆಯಲ್ಲಿ ಕೂಸಿಗೆ ಅನುಸೂಯಾ ಎಂದು ಹೆಸರಿಟ್ಟರು. ತಿಂಗಳುಗಳು ಕಳೆದಂತೆ ಕಣ್ಣಿನ ಬಣ್ಣ ತಿಳಿಯಾಗುತ್ತ ಹೋಯಿತು. ಹನ್ನೊಂದನೆಯ ತಿಂಗಳಿಗೆ ಊರ ಗುಡಿಯ ಅಂಗಳದಲ್ಲಿ ಜಾವಳ. ಕೂಸಿನ ಸೋದರಮಾವನ ತೊಡೆಯ ಮೇಲೆ ಕೂರಿಸಿ ಕೂದಲು ತೆಗೆಸಿ, ಸ್ನಾನ ಮಾಡಿಸಿ, ಕೂಸನ್ನು ಬಿಸಿಲಿಗೆ ಎತ್ತಿ ಹಿಡಿದರು. ಬೋಳು ತಲೆ, ಬಿಸಿಲು, ಎರಡು ಬೆಕ್ಕಿನ ಕಣ್ಣು. ಕರೀಮ ಸಾಬರ ಕಣ್ಣೂ ಬೆಕ್ಕಿನ ಕಣ್ಣು, ಅದು ಊರಿಗೆಲ್ಲ ಗೊತ್ತಿದ್ದದ್ದೇ. ಅವರೂ ಆ ಅಂಗಳದಲ್ಲೇ ಇದ್ದರು. ಬೇಗಂ ಕೂಸಿನ ತಲೆಗೆಂದು ತಾವೇ ಹೊಲಿದ ಕುಂಚಿಗೆ ಹಿಡಿದು ನಿಂತಿದ್ದರು. ಗುಂಪಿನಲ್ಲಿ ಯಾರೋ ಮೊದಲು ಕೂಸನ್ನು, ಆಮೇಲೆ ಕರೀಮ ಸಾಬರನ್ನು ನೋಡಿ ಕೆಮ್ಮಿದರು. ಒಂದೆರಡು ಕಡೆ ನಗೆ ಎದ್ದಿತು.

"ಯಾರು ಕೆಮ್ಮಿದ್ರು ಅಂತ ನನಗ ಗೊತ್ತದರಿ," ಹಾವಗೆಪ್ಪ ಹೇಳುತ್ತಾರೆ. "ಹೆಸರು ಹೇಳಿ ಏನು ಮಾಡೂದು? ಕೆಮ್ಮು ಅವರದು, ಮಾತು ನಂದು. ಎದ್ದು ನಿಂತೆ. ಈ ಕೂಸು ನಂದಲ್ಲ, ಕರೀಮ ಸಾಬಂದು ಅಂದೆ. ಅಕಿ ಒಂದೇ ಮಾತು ಅಂದಳು, ನಿಮ್ಮದೇ ಕೂಸು ಅಂತ. ಎರಡನೇ ಸಲ ಹೇಳಲಿಲ್ಲ. ಬೇಗಂ ಅಮ್ಮ ಕುಂಚಿಗಿ ಮಡಚಿ ಬಗಲಾಗ ಇಟ್ಕೊಂಡ್ರು." ಅಂದು ಸಂಜೆಯೊಳಗೆ ಕಸ್ತೂರಿಬಾಯಿ ಅಣ್ಣನ ಗಾಡಿಯಲ್ಲಿ ಔರಾದಕ್ಕೆ ಹೋದರು. ಮೂರು ತಿಂಗಳಲ್ಲಿ ಕರೀಮ ಸಾಬರು ತೋಟವನ್ನು ಬೇರೆಯವರಿಗೆ ಬಿಟ್ಟು ಬೀದರಕ್ಕೆ ಬಂದು ಗಂಜಿನ ಕಾಳಿನ ಪೇಟೆಯಲ್ಲಿ ಹಮಾಲಿಗೆ ನಿಂತರು. ವಯಸ್ಸು ಆಗ ಐವತ್ತರ ಮೇಲೆ. ಮೂರು ವರ್ಷಕ್ಕೆ ತೀರಿಕೊಂಡರು.

ಹಾವಗೆಪ್ಪನ ಮಾತಿನಲ್ಲಿ ನನಗೆ ಮರೆಯಲಾಗದ್ದು ಇನ್ನೊಂದಿದೆ. ಚಿಮಟವನ್ನು ಧೋತರದ ಅಂಚಿಗೆ ಒರೆಸುತ್ತ ಹೇಳಿದರು, "ಅಕಿ ಹನ್ನೊಂದು ದಿನ ಎಲ್ಲಿದ್ದಳು ಅಂತ ಊರೆಲ್ಲ ಕೇಳ್ತು. ನಾ ಅಕಿನ್ನ ಬಿಟ್ಟು ಎರಡು ತಿಂಗಳು ಎಲ್ಲಿಗೆ ಓಡಿದ್ದೆ ಅಂತ ಒಬ್ಬರೂ ಕೇಳಲಿಲ್ಲರಿ. ಕೇಳಿದ್ರ ಛಲೋ ಇತ್ತು."

ಮನೆ ಬಿಕೋ ಎಂದಿತು. ಭೂಮಿ ಪಾಲಿಗೆ ಕೊಟ್ಟು ಬೀದರಕ್ಕೆ ಬಂದು ಶಾಲೆಯ ಮಾಲಿಯಾದರು. ಅಲ್ಲಿ ಸಲಾವೋದ್ದೀನ ಸಾಹೇಬರು ಎರಡು ಜಾತಿಯ ಬಟಾಣಿ ಬೀಜ ತರಿಸಿದ್ದರು. ಒಂದು ಗುಂಡು, ಒಂದು ಸುಕ್ಕು. ಹಲವು ತಲೆಮಾರು ಬೆಳೆದರೂ ಗುಂಡಿಗೆ ಗುಂಡೇ, ಸುಕ್ಕಿಗೆ ಸುಕ್ಕೇ ಕೊಡುವ ಶುದ್ಧ ಬೀಜ. ಮೊದಲ ಚಳಿಗಾಲ ಎರಡನ್ನೂ ಕೂಡಿಸಿದರು. ಬಂದ ಕಾಳೆಲ್ಲ ಗುಂಡು, ಸುಕ್ಕಿನ ಗುರುತೇ ಇಲ್ಲ. ಸುಕ್ಕು ಸತ್ತುಹೋಯಿತೆಂದು ಹಾವಗೆಪ್ಪ ತಿಳಿದರು. ಎರಡನೆಯ ಚಳಿಗಾಲ ಆ ಗುಂಡು ಕಾಳುಗಳನ್ನೇ ಬಿತ್ತಿ, ಹೂವಿಗೆ ಚೀಲ ತೊಡಿಸಿ ಅದರಷ್ಟಕ್ಕೆ ಬಿಟ್ಟರು. ಕಳೆದ ವರ್ಷದ ಫೆಬ್ರವರಿಯಲ್ಲಿ ಹುಡುಗರ ಎದುರು ಒಣಗಿದ ಕಾಯಿ ಬಿಡಿಸಲು ಸಾಹೇಬರು ಅವರಿಗೇ ಹೇಳಿದರು.

ಮೊದಲ ಕಾಯಿಯಲ್ಲಿ ಏಳು ಕಾಳು. ಐದು ಗುಂಡು, ಎರಡು ಸುಕ್ಕು. ಎಲ್ಲ ಕಾಯಿ ಬಿಡಿಸಿ ಎಣಿಸಿದಾಗ ನಾನೂರ ಇಪ್ಪತ್ತೆಂಟು ಕಾಳು. ಗುಂಡು ಮುನ್ನೂರ ಹತ್ತೊಂಬತ್ತು, ಸುಕ್ಕು ನೂರ ಒಂಬತ್ತು. ಮೂರಕ್ಕೆ ಒಂದು, ಹೆಚ್ಚುಕಡಿಮೆ. ಸಾಹೇಬರು ಹುಡುಗರಿಗೆ ಹೇಳಿದ್ದು ಹಾವಗೆಪ್ಪನಿಗೆ ಅಕ್ಷರಶಃ ನೆನಪಿದೆ: "ತಾಯಿ ತಂದಿ ಇಬ್ಬರೂ ಗುಂಡು. ಮಗು ಸುಕ್ಕು. ಹೂವಿಗೆ ಚೀಲ ಹಾಕಿತ್ತು, ಹೊರಗಿನ ಪುಡಿ ಒಳಗ ಬಂದಿಲ್ಲ. ಇಲ್ಲಿ ಯಾರೂ ಮೋಸ ಮಾಡಿಲ್ಲ."

"ಆ ಕಾಳು ಕೈಯಾಗ ಹಿಡ್ಕೊಂಡು ಕುಂತುಬಿಟ್ಟೆರಿ," ಎನ್ನುತ್ತಾರೆ ಹಾವಗೆಪ್ಪ. "ಹುಡುಗರು ಹೋದ್ರು, ಗಂಟಿ ಹೊಡೀಬೇಕಾಗಿತ್ತು, ಹೊಡೀಲಿಲ್ಲ. ಸಾಹೇಬ್ರು ಬಂದು ಏನಾತು ಅಂದ್ರು. ಸಾಹೇಬರ, ಮನಷ್ಯಾರೊಳಗೂ ಹಿಂಗೇನ್ರಿ ಅಂತ ಕೇಳ್ದೆ."

ಸಾಹೇಬರು ಕೊಟ್ಟ ಉತ್ತರವನ್ನು ಹಾವಗೆಪ್ಪ ನನಗೆ ಬಾಯಿಂದ ಹೇಳಲಿಲ್ಲ, ಮಾಡಿ ತೋರಿಸಿದರು. ಅಂಗಿಯ ಎರಡೂ ಜೇಬಿನಲ್ಲಿ ಒಂದೊಂದು ಹುಣಸೆಬೀಜ, ಒಂದೊಂದು ಕಡಲೆಕಾಳು. ಬಲ ಜೇಬು ಅಪ್ಪ, ಎಡ ಜೇಬು ಅವ್ವ. ಯಾವುದೇ ಗುಣಕ್ಕೆ ಪ್ರತಿಯೊಬ್ಬರಲ್ಲೂ ಎರಡು ಅಂಶ ಇರುತ್ತವೆ, ಒಂದು ಅಪ್ಪನಿಂದ ಬಂದದ್ದು, ಒಂದು ಅವ್ವನಿಂದ. ತನ್ನ ಮಗುವಿಗೆ ಕೊಡುವಾಗ ಎರಡರಲ್ಲಿ ಒಂದನ್ನೇ ಕೊಡುವುದು, ಯಾವುದೆಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಕಣ್ಣುಮುಚ್ಚಿ ಎರಡೂ ಜೇಬಿನಿಂದ ಒಂದೊಂದು ತೆಗೆಯಬೇಕು. ಒಂದು ಹುಣಸೆಬೀಜ ಬಂದರೂ ಸಾಕು, ಮೇಲೆ ಕಾಣುವುದು ಹುಣಸೆಬೀಜವೇ, ಕಡಲೆ ಅದರ ಹಿಂದೆ ಅಡಗಿರುತ್ತದೆ. ಎರಡೂ ಕಡಲೆ ಬಂದಾಗ ಮಾತ್ರ ಕಡಲೆ ಕಾಣುತ್ತದೆ. ನಾಲ್ಕು ಸಲಕ್ಕೆ ಒಂದು ಸಲ, ಸರಾಸರಿ. ಪುಸ್ತಕ ಮೊದಲನೆಯದನ್ನು ಪ್ರಬಲ ಗುಣ, ಎರಡನೆಯದನ್ನು ದುರ್ಬಲ ಗುಣ ಎನ್ನುತ್ತದೆ. ದುರ್ಬಲ ಎಂಬ ಮಾತನ್ನು ಹಾವಗೆಪ್ಪ ಒಪ್ಪುವುದಿಲ್ಲ. "ಎರಡು ತಲಿಮಾರು ಸುಮ್ಮ ಕುಂತು ಜೀವ ಹಿಡ್ಕೊಂಡು ಬಂದದರಿ, ಅದ್ಹ್ಯಾಂಗ ದುರ್ಬಲ?" ಹುಡುಗರು ಪರೀಕ್ಷೆಗೆ ಮುಂಚೆ ಈ ಜೇಬಿನ ಆಟ ಆಡಲು ಹಿತ್ತಲಿಗೆ ಬರುತ್ತಾರೆ.

ಕಾಯಿ ಬಿಡಿಸಿದ ಮರುದಿನವೇ ಹಾವಗೆಪ್ಪ ರೈಲು ಹತ್ತಿ ಭಾಲ್ಕಿಗೆ ಹೋದರು. ಅಲ್ಲಿ ಅವರ ಚಿಕ್ಕಮ್ಮ ಸುಂದರಬಾಯಿ ಇದ್ದಾರೆ. ಹಾವಗೆಪ್ಪನ ತಾಯಿಗೂ ಕಸ್ತೂರಿಬಾಯಿಯ ತಂದೆಗೂ ತಂಗಿ, ಆ ಪೀಳಿಗೆಯಲ್ಲಿ ಉಳಿದವರು ಇವರೊಬ್ಬರೇ. ಗಂಡ ಹೆಂಡತಿ ಇಬ್ಬರಿಗೂ ಒಬ್ಬಳೇ ಅಜ್ಜಿ, ಸುಂದರಬಾಯಿಯ ತಾಯಿ. ಮೊಮ್ಮಕ್ಕಳು ಕಂಡ ಕಾಲಕ್ಕೆ ಅಜ್ಜಿಯ ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿತ್ತು, ಬಣ್ಣ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಹಾವಗೆಪ್ಪ ಅದನ್ನೇ ಕೇಳಿದರು. ಸುಂದರಬಾಯಿ ಜೋಳ ಹಸನು ಮಾಡುತ್ತ ಸಹಜವಾಗಿ ಹೇಳಿದರಂತೆ, "ಅವ್ವನ ಕಣ್ಣ ಬೆಕ್ಕಿನ ಕಣ್ಣ ಇದ್ದವಲ್ಲೋ. ಬಿಸಲಾಗ ನಿಂತ್ರ ಮಿಂಚ್ತಿದ್ವು. ನಮಗ ಒಬ್ಬರಿಗೂ ಬರಲಿಲ್ಲ."

ಮಕ್ಕಳಲ್ಲಿ ಒಬ್ಬರಿಗೂ ಕಾಣಲಿಲ್ಲ, ಆದರೆ ಎಲ್ಲರ ಒಳಗೂ ಇತ್ತು. ಮಗಳಿಂದ ಹಾವಗೆಪ್ಪನಿಗೆ, ಮಗನಿಂದ ಕಸ್ತೂರಿಬಾಯಿಗೆ ಬಂದಿರಬಹುದು. ಸೋದರಿಕೆಯ ಮದುವೆಯಲ್ಲಿ ಅಡಗಿದ ಎರಡೂ ಒಂದೇ ಕೂಸಿನಲ್ಲಿ ಕೂಡಿರಬಹುದು. ಹೊರಗಿನದೆಂದು ಊರು ನಕ್ಕ ಕಣ್ಣು ಆ ಮನೆಯ ಹಿರಿಯಳ ಕಣ್ಣೇ ಆಗಿರಬಹುದು. ಹಾವಗೆಪ್ಪ ಅಲ್ಲೇ ಹೊಸ್ತಿಲ ಮೇಲೆ ಕುಳಿತು ಅತ್ತರಂತೆ. ಅಷ್ಟರವರೆಗೆ ಸುಂದರಬಾಯಿಯನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

ನಾನು "ಇರಬಹುದು" ಎಂದು ಮೂರು ಸಲ ಬರೆದದ್ದಕ್ಕೆ ಕಾರಣ ಸಲಾವೋದ್ದೀನ ಸಾಹೇಬರು. ಭಾಲ್ಕಿಯಿಂದ ಖುಷಿಯಲ್ಲಿ ಓಡಿಬಂದ ಮಾಲಿಯನ್ನು ಅವರು ಕೂರಿಸಿ ಹೇಳಿದ ಮಾತನ್ನು ನನಗೂ ಹೇಳಿದರು. "ಕಣ್ಣಿನ ಬಣ್ಣ ಬಟಾಣಿಯಷ್ಟು ಸರಳ ಇಲ್ಲ ಅಂದೆ. ಇದ್ದರೂನು, ಬಟಾಣಿ ಇಷ್ಟೇ ಹೇಳ್ತದ, ಆ ಕೂಸು ನಿನ್ನದಿರಬಹುದು ಅಂತ. ನಿನ್ನದೇ ಅಂತ ಅದು ಹೇಳಂಗಿಲ್ಲ. ಅದನ್ನ ಹೇಳಾಕ ನಿನ್ನ ಹೆಂಡತಿ ಮಾತು ಬೇಕು. ಅಕಿ ಅವತ್ತೇ ಹೇಳಿದ್ದಳಲ್ಲ ಅಂದೆ." ಹಾವಗೆಪ್ಪ ಆ ದಿನ ಊಟ ಮಾಡಲಿಲ್ಲವೆಂದು ಸಾಹೇಬರು ನೆನೆಯುತ್ತಾರೆ.

ಕೆಲವು ದಿನ ಬಿಟ್ಟು ಧೈರ್ಯ ಮಾಡಿ ಮುನವ್ವರ ಬೇಗಂ ಇರುವ ಓಣಿಗೆ ಹೋದರು. ಆಕೆ ಈಗ ಮಗ ಶರಫೋದ್ದೀನನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಾರೆ. ಹಾವಗೆಪ್ಪ ಬಾಗಿಲಲ್ಲೇ ನಿಂತು ಕೈಮುಗಿದರು. ಬೇಗಂ ಬೈಯಲಿಲ್ಲ. ಒಳಗೆ ಕರೆದು ಚಾ ಕೊಟ್ಟು, "ಕೂಸು ಹ್ಯಾಂಗ ಅದ?" ಎಂದು ಕೇಳಿದರು. ಐದು ವರ್ಷದಿಂದ ಮಗಳ ಮುಖ ನೋಡದವನು ಏನು ಹೇಳಬೇಕು? "ಅವರು ಒದ್ದು ಹೊರಗ ಹಾಕಿದ್ರ ಹಗುರಾಗ್ತಿದ್ದೆರಿ. ಚಾ ಕುಡಿಯೂದು ಭಾಳ ಕಷ್ಟ ಆತು," ಎನ್ನುತ್ತಾರೆ.

ಕಸ್ತೂರಿಬಾಯಿಯನ್ನು ನೋಡದೆ ಈ ಲೇಖನ ಬರೆಯುವುದು ಸರಿಯಲ್ಲವೆನಿಸಿ ನಾನು ಔರಾದಕ್ಕೆ ಹೋದೆ. ಬಸ್ಸು ಮೈಯೆಲ್ಲ ಧೂಳು ಮಾಡಿ ಇಳಿಸಿತು. ಅಣ್ಣನ ಮನೆಯ ಪಡಸಾಲೆಯಲ್ಲಿ ಆಕೆ ಕೌದಿ ಹೊಲಿಯುತ್ತಿದ್ದರು, ಅದೇ ಅವರ ದುಡಿಮೆ. ನಾನು ಯಾರೆಂದು ಹೇಳುತ್ತಿರುವಾಗ ಅನುಸೂಯಾ ಶಾಲೆಯಿಂದ ಪಾಟಿ ಹಿಡಿದು ಒಳಗೆ ಬಂದಳು. ನಾನು ಮೊದಲು ನೋಡಿದ್ದು ಕಣ್ಣು. ತಿಳಿಯಾದ, ಹಸಿರು ಕಂದು ಬೆರೆತ ಕಣ್ಣು. ಕಸ್ತೂರಿಬಾಯಿ ಸೂಜಿ ನಿಲ್ಲಿಸದೆ, "ನೀವೂ ಅದನ್ನೇ ನೋಡಿದ್ರಿ," ಎಂದರು.

ಶಾಲೆಗೆ ಹಾಕುವಾಗ ತಂದೆಯ ಹೆಸರು ಏನು ಬರೆಸಿದಿರೆಂದು ಕೇಳಿದೆ. ಆಕೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಹಾವಗೆಪ್ಪ ಅಂತ. ಮತ್ತ್ಯಾರ ಹೆಸರು ಬರಸಬೇಕ್ರಿ? ಅವರು ಇಲ್ಲ ಅಂದ್ರ ಇಲ್ಲ ಆಗ್ತದೇನು?" ಗಂಡ ಕಳೆದ ಚೈತ್ರದಲ್ಲಿ ಬಂದು ಬಟಾಣಿಯ ಕಥೆಯೆಲ್ಲ ಹೇಳಿ ಕೈಮುಗಿದರಂತೆ. "ನಾ ಹೇಳಿದ್ದ ನಂಬಲಿಲ್ಲ, ಬಟಾಣಿ ಹೇಳಿದ್ದ ನಂಬಿದ್ರಿ ಅಂದೆ. ನಾಳಿ ಇನ್ನೊಂದು ಕಾಳು ಇನ್ನೊಂದು ಹೇಳಿದ್ರ ಮತ್ತ ಹೊರಗ ಹಾಕ್ತೀರೇನು ಅಂದೆ. ಕರೀಮ ಕಾಕಾ ಆ ಹನ್ನೊಂದು ದಿನ ಹೊರಗ ಕಟ್ಟಿ ಮ್ಯಾಲ ಮಲಗ್ಯಾರ್ರಿ, ಕೈಯಾಗ ಕೊಡ್ಲಿ ಹಿಡ್ಕೊಂಡು. ಯಾವ ಅಂಗಳದಾಗ ಅವರ ಹೆಸರು ಕೆಡಿಸಿದ್ರೋ ಅದೇ ಅಂಗಳದಾಗ ನಿಂತು ಸರಿ ಮಾಡಿ ಬರ್ರಿ, ಆಮ್ಯಾಲ ಈ ಹೊಸ್ತಿಲು ದಾಟ್ರಿ ಅಂದೆ."

ಹಾವಗೆಪ್ಪ ಎರಡು ಸಲ ಕಮಠಾಣದ ಅಗಸಿಬಾಗಿಲಿನವರೆಗೆ ಹೋಗಿ ತಿರುಗಿ ಬಂದರು. ಮೂರನೆಯ ಸಲ, ಕಳೆದ ಶ್ರಾವಣದ ಕಡೆಯ ಸೋಮವಾರ, ಗುಡಿಯ ಅಂಗಳದಲ್ಲಿ ಜನ ಸೇರಿದ್ದಾಗ ಎದ್ದು ನಿಂತರು. ಕೂಸು ನಂದೇ ಎಂದರು. ಬಟಾಣಿ, ಗುಂಡು, ಸುಕ್ಕು ಎಂದು ಏನೇನೋ ತೊದಲಿದರು. ಜನ ನಕ್ಕರು, ಶಾಲೆಯ ಗಾಳಿ ತಾಗಿದೆ ಎಂದು ಯಾರೋ ಚೇಷ್ಟೆ ಮಾಡಿದರು. ಕರೀಮ ಸಾಬರ ಹೆಸರು ಹೇಳದೆಯೇ ಕುಳಿತರು. ಅವರ ತೋಟವನ್ನು ಈಗ ಉಳುತ್ತಿರುವವರು ಎದುರಿಗೇ ಕುಳಿತಿದ್ದರು. ಔರಾದಕ್ಕೆ ಹೋಗಿ, ಅಂಗಳದಲ್ಲಿ ಹೇಳಿ ಬಂದೆನೆಂದು ತಿಳಿಸಿದಾಗ ಕಸ್ತೂರಿಬಾಯಿ ಕೇಳಿದ್ದು ಒಂದೇ, ಕಾಕಾನ ಹೆಸರು ಹೇಳಿದಿರೇನು ಎಂದು. ಇಲ್ಲ ಎಂದರು. ಆಕೆ ಬಾಗಿಲು ಮುಂದೆ ಮಾಡಿಕೊಂಡರು.

ಬೀದರಕ್ಕೆ ಮರಳಿದ ನಾನು ಹಾವಗೆಪ್ಪನಿಗೆ ಒಂದು ಸಲಹೆ ಕೊಟ್ಟೆ. ಲೇಖನದಲ್ಲಿ ಬಟಾಣಿಯ ಕೆಲಸವಷ್ಟೇ ಬರೆಯುತ್ತೇನೆ, ಉಳಿದದ್ದು ಬರೆದರೂ ಹೆಸರು ಮರೆಸುತ್ತೇನೆ ಎಂದೆ. ನನಗೆ ಅದು ದೊಡ್ಡ ಮನಸ್ಸಿನ ಮಾತೆನಿಸಿತ್ತು. ಅವರು ಚಿಮಟ ಕೆಳಗಿಟ್ಟರು. "ಮತ್ತ ಯಾಕ ಹೇಳ್ದೆರಿ ನಿಮಗ ಇಷ್ಟೆಲ್ಲ? ಹೆಸರು ಹಾಕ್ರಿ. ನನ್ನ ಹೆಸರು, ಊರು, ಕರೀಮ ಸಾಬರ ಹೆಸರು, ಎಲ್ಲ ಹಾಕ್ರಿ."

ನನಗೂ ಸ್ವಲ್ಪ ಸಿಟ್ಟು ಬಂತು. ಪತ್ರಿಕೆಯಲ್ಲಿ ನಾನು ಬರೆದರೆ ನೀವು ಹೇಳಿದ ಹಾಗಾಗುತ್ತದೆಯೇ, ಆ ಅಂಗಳದಲ್ಲಿ ಹೇಳಬೇಕಾದದ್ದು ನಿಮ್ಮ ಬಾಯಲ್ಲವೇ ಎಂದು ಕೇಳಿಬಿಟ್ಟೆ. ಹಾವಗೆಪ್ಪ ಕುಂಡದ ಮಣ್ಣು ಸರಿಮಾಡಿದರು. ಆಮೇಲೆ ಹೇಳಿದರು. "ನಾ ಅಲ್ಲೇ ಹೋಗಿ ಹೇಳ್ತೇನ್ರಿ. ಬರೇ ಕೈಲೆ ನಿಂತ್ರ ಮಾತು ತಪ್ತದ. ಪೇಪರ ಕೈಯಾಗ ಹಿಡ್ಕೊಂಡು ಓದ್ತೇನಿ. ಕುಂಡದ ಚೀಟಿ ಓದಿ ಓದಿ ಸಾಹೇಬ್ರ ಕಡಿಂದ ಅಕ್ಷರ ಕಲ್ತೀನಿ, ಆದ್ರ ಉದ್ದ ಬರದ್ರ ತೊಡಕ್ತೇನಿ. ಕಡೀಕ ಸಣ್ಣ ಸಣ್ಣ ಮಾತಿನಾಗ ಬರದು ಕೊಡ್ರಿ. ಇಷ್ಟ ಸಾಕು ನನಗ."

ಪುರವಣಿ ಭಾನುವಾರ ಕಮಠಾಣಕ್ಕೆ ಬರುತ್ತದೆ. ಭಾನುವಾರವೂ ಹಿತ್ತಲು ಬಿಡದವರು ಅಂದು ಬರುವುದಿಲ್ಲ ಎಂದಿದ್ದಾರೆ, ಮೊಗ್ಗುಗಳನ್ನು ಸಾಹೇಬರು ನೋಡಿಕೊಳ್ಳುತ್ತಾರಂತೆ. ಓದಲು ಬೇಕಾದದ್ದನ್ನು ಇಬ್ಬರೂ ಕುಂಡಗಳ ನಡುವೆ ಕುಳಿತು ಬರೆದೆವು. ನಾನು ಸೇರಿಸಿದ ದೊಡ್ಡ ಮಾತುಗಳನ್ನು ಅವರು ಒಂದೊಂದಾಗಿ ಹೊಡೆಸಿಹಾಕಿದರು. ಉಳಿದದ್ದು ಇಷ್ಟು.

ನಾನು ಕಮಠಾಣದ ಹಾವಗೆಪ್ಪ. ಅನುಸೂಯಾ ನನ್ನ ಮಗಳು. ಕಸ್ತೂರಿಬಾಯಿ ನಿಜ ಹೇಳಿದ್ದಳು. ನಾನು ಓಡಿಹೋದಾಗ ಕರೀಮ ಸಾಬರು ನನ್ನ ಮನೆಯ ಮಾನ ಕಾಯ್ದರು. ನಾನು ಇದೇ ಜಾಗದಲ್ಲಿ ನಿಂತು ಅವರ ಮಾನ ಕಳೆದೆ. ಅವರು ಈಗ ಇಲ್ಲ. ನೀವೆಲ್ಲ ಇದ್ದೀರಿ, ಕೇಳಿರಿ.